ಚದರ ಅಡಿಯ ದರದಲ್ಲಿ ಕಳೆದುಹೋಗುವ ಕಿಟಕಿ

ಹೊಸ ಶೆಡ್ಡನ್ನೋ ಅಂಗಡಿಯನ್ನೋ ಸ್ವಂತ ವಾಸದ ಮನೆಯನ್ನೋ ಕಟ್ಟಿಸಲು ಹೊರಟ ಉದ್ದಿಮೆದಾರನು ನಿವೇಶನದ ದಾಖಲೆಗಳನ್ನು ವಕೀಲರ ಮೂಲಕ ಪರಿಶೀಲಿಸುತ್ತಾನೆ. ಸಿಮೆಂಟು, ಉಕ್ಕುಗಳ ದರವನ್ನು ನಾಲ್ಕು ಕಡೆ ವಿಚಾರಿಸುತ್ತಾನೆ. ಯಂತ್ರೋಪಕರಣಗಳನ್ನಂತೂ ಊರೂರು ಅಲೆದು, ಕಣ್ಣಾರೆ ಕಂಡು ಖರೀದಿಸುತ್ತಾನೆ. ಕಿಟಕಿಯ ಸರದಿ ಬರುವ ವೇಳೆಗೆ ಅವನ ಹಣವೂ ತಾಳ್ಮೆಯೂ ಒಟ್ಟಿಗೇ ತೀರಿರುತ್ತವೆ. ಗೃಹಪ್ರವೇಶದ ಅಥವಾ ಪ್ರಾರಂಭೋತ್ಸವದ ದಿನಾಂಕ ಅಚ್ಚಾಗಿರುತ್ತದೆ. ಆಗ ಅವನು ಕೇಳುವುದು ಒಂದೇ ಪ್ರಶ್ನೆ: ಚದರ ಅಡಿಗೆ ಎಷ್ಟು? ಅತಿ ಕಡಿಮೆ ಅಂಕಿ ಹೇಳಿದವನಿಗೆ ಮುಂಗಡ ಸಲ್ಲುತ್ತದೆ. ಮೊದಲ ಮುಂಗಾರಿನಲ್ಲಿ ಗೋಡೆಗೆ ನೀರಿಳಿದಾಗ, ಮೊದಲ ಬೇಸಿಗೆಯಲ್ಲಿ ಕೆಲಸಗಾರರು ಬೆವರಿನಲ್ಲಿ ತೊಯ್ದಾಗ, ಕಳ್ಳನು ಚಿಲಕವನ್ನು ಬೆರಳಿನಿಂದಲೇ ಸರಿಸಿ ಒಳಬಂದಾಗ ಆ ಅಂಕಿಯ ನಿಜವಾದ ಬೆಲೆ ತಿಳಿಯುತ್ತದೆ.

ಈ ಪತ್ರಿಕೆಯ ಓದುಗರ ಪೈಕಿ ಕಿಟಕಿ ಕೊಳ್ಳುವವರಿರುವಂತೆ ಕಿಟಕಿ ತಯಾರಿಸುವವರೂ ಇದ್ದಾರೆ ಎಂಬುದು ಇಲ್ಲಿ ಗಮನಾರ್ಹ. ರಾಜ್ಯದ ಯಾವ ತಾಲ್ಲೂಕು ಕೇಂದ್ರಕ್ಕೆ ಹೋದರೂ ಒಂದು ಕತ್ತರಿಸುವ ಯಂತ್ರ, ಒಂದು ಡ್ರಿಲ್, ಇಬ್ಬರು ಹುಡುಗರನ್ನು ಇಟ್ಟುಕೊಂಡು ಅಲ್ಯೂಮಿನಿಯಂ ಕೆಲಸ ಮಾಡುವ ಅಂಗಡಿಯೊಂದು ಕಾಣುತ್ತದೆ. ಗಾಜಿನ ವ್ಯಾಪಾರಿ, ಪೌಡರ್ ಕೋಟಿಂಗ್ ಘಟಕ, ಗ್ರಿಲ್ ಬೆಸೆಯುವವನು, ಬಡಗಿ, ಹೀಗೆ ಒಂದು ಕಿಟಕಿಯ ಸುತ್ತ ಐದಾರು ಸಣ್ಣ ಉದ್ಯೋಗಗಳು ಬದುಕುತ್ತಿವೆ. ಚದರ ಅಡಿಯ ಏಕಮಾತ್ರ ಮಾನದಂಡವು ಕೊಳ್ಳುವವನನ್ನು ವಂಚಿಸುವುದಕ್ಕಿಂತ ಹೆಚ್ಚಾಗಿ ಪ್ರಾಮಾಣಿಕ ತಯಾರಕನನ್ನು ಕೊಲ್ಲುತ್ತಿದೆ. ಒಳ್ಳೆಯ ಮಾಲು ಹಾಕುವವನ ದರ ಸಹಜವಾಗಿಯೇ ಹೆಚ್ಚು. ಕಾಗದದ ಮೇಲೆ ಅವನ ಕಿಟಕಿಗೂ ತೆಳು ಮಾಲಿನವನ ಕಿಟಕಿಗೂ ಯಾವ ವ್ಯತ್ಯಾಸವೂ ಕಾಣುವುದಿಲ್ಲ. ಎರಡು ಮೂರು ಗಿರಾಕಿಗಳು ಕೈತಪ್ಪಿದ ಮೇಲೆ ಅವನೂ ತೆಳು ಮಾಲಿಗೆ ಇಳಿಯುತ್ತಾನೆ, ಇಲ್ಲವೇ ಅಂಗಡಿ ಮುಚ್ಚುತ್ತಾನೆ.

ತೂಕದಲ್ಲಿ ಅಡಗಿದ ಲಾಭ

ಅಲ್ಯೂಮಿನಿಯಂ ಸೆಕ್ಷನ್‌ಗಳನ್ನು ತಯಾರಕನು ಕಿಲೋ ಲೆಕ್ಕದಲ್ಲಿ ಕೊಳ್ಳುತ್ತಾನೆ, ಚದರ ಅಡಿಯ ಲೆಕ್ಕದಲ್ಲಿ ಮಾರುತ್ತಾನೆ. ಮೋಸಕ್ಕೆ ಅವಕಾಶವಿರುವುದು ಈ ಎರಡು ಲೆಕ್ಕಗಳ ನಡುವಿನ ಸಂದಿಯಲ್ಲಿ. ಚೌಕಟ್ಟುಗಳಿಗೂ ವಿಭಜಕಗಳಿಗೂ ಧಾರಾಳವಾಗಿ ಬಳಕೆಯಾಗುವ 4 ಅಂಗುಲ ಅಗಲ, ಒಂದೂಮುಕ್ಕಾಲು ಅಂಗುಲ ದಪ್ಪದ ಆಯತಾಕಾರದ ಕೊಳವೆಯನ್ನೇ ತೆಗೆದುಕೊಳ್ಳಬಹುದು. ಅದರ ಲೋಹದ ದಪ್ಪ 1.5 ಮಿಲಿಮೀಟರ್ ಇದ್ದರೆ 12 ಅಡಿ ಉದ್ದದ ತುಂಡು ಸುಮಾರು 4.24 ಕಿಲೋ ತೂಗುತ್ತದೆ. ದಪ್ಪವನ್ನು 1.2 ಮಿಲಿಮೀಟರಿಗೆ ಇಳಿಸಿದರೆ ತೂಕ ಸುಮಾರು 3.41 ಕಿಲೋ. ಹೊರನೋಟಕ್ಕೆ ಎರಡೂ ಒಂದೇ. ಬಣ್ಣ ಬಳಿದ ಮೇಲಂತೂ ಅಕ್ಕಸಾಲಿಗನೂ ಗುರುತಿಸಲಾರ. ಆದರೆ ಲೋಹದ ಐದನೆಯ ಒಂದು ಪಾಲು ಮಾಯವಾಗಿದೆ. ಹೀಗೆ ತೆಳುವಾದ ಸೆಕ್ಷನ್‌ನಲ್ಲಿ ಸ್ಕ್ರೂ ಹಿಡಿಯುವ ಆಳ ಕಡಿಮೆ, ಉದ್ದ ಹೆಚ್ಚಿದ್ದಲ್ಲಿ ಬಾಗುವ ಸಾಧ್ಯತೆ ಹೆಚ್ಚು. ಎರಡು ವರ್ಷಗಳ ಬಳಕೆಯಲ್ಲಿ ಕದ ಜೋತು ಬಿದ್ದು ಹಳಿಯ ಮೇಲೆ ಉಜ್ಜತೊಡಗುತ್ತದೆ.

ಈ ವಂಚನೆಯನ್ನು ತಡೆಯಲು ತಂತ್ರಜ್ಞರ ನೆರವು ಬೇಕಿಲ್ಲ. ದಿನಸಿ ವರ್ತಕನ ತಕ್ಕಡಿಯೊಂದೇ ಸಾಕು. ಸೆಕ್ಷನ್ ತಯಾರಿಸುವ ಕಾರ್ಖಾನೆಗಳು ಪ್ರತಿ ನಮೂನೆಗೂ ಒಂದು ಮೀಟರಿಗೆ ಇಷ್ಟು ತೂಕವೆಂದು ತಮ್ಮ ಪಟ್ಟಿಯಲ್ಲಿ ಮುದ್ರಿಸುತ್ತವೆ. ದರಪಟ್ಟಿಯಲ್ಲಿ ಆ ಸಂಖ್ಯೆಯನ್ನು ಬರೆಸಿಕೊಂಡು, ಸರಕು ಬಂದ ದಿನ ಒಂದು ತುಂಡನ್ನು ತೂಗಿ ನೋಡಿದರೆ ಮಾತು ಮುಗಿಯಿತು. ಆಯಾಮ ಪರೀಕ್ಷೆಯಿಲ್ಲದೆ ಬಿಡಿಭಾಗಗಳನ್ನು ಒಳಗೆ ಬಿಟ್ಟುಕೊಳ್ಳದ ಸಣ್ಣ ಕೈಗಾರಿಕೋದ್ಯಮಿಗಳೇ ತಮ್ಮ ಕಟ್ಟಡದ ಕಿಟಕಿಯನ್ನು ಮಾತ್ರ ಕಣ್ಣುಮುಚ್ಚಿ ಸ್ವೀಕರಿಸುವುದು ವಿಚಿತ್ರವಾಗಿದೆ.

ಅಳತೆಯ ವಿಷಯದಲ್ಲಿ ಇನ್ನೊಂದು ಮಾತು. ಗಾಜಿನ ಅಳತೆಯನ್ನು ಮುಂದಿನ 3 ಅಂಗುಲಕ್ಕೋ 6 ಅಂಗುಲಕ್ಕೋ ಏರಿಸಿ ಬಿಲ್ಲು ಮಾಡುವ ಪದ್ಧತಿ ವ್ಯಾಪಾರದಲ್ಲಿ ಬೆಳೆದುಬಂದಿದೆ. ಕತ್ತರಿಸುವಾಗ ಆಗುವ ನಷ್ಟವನ್ನು ತುಂಬಿಕೊಳ್ಳುವ ಈ ಕ್ರಮ ತಪ್ಪೆನ್ನಲಾಗದು. ಆದರೆ 25 ಅಂಗುಲದ ಗಾಜು 30 ಅಂಗುಲವಾಗಿ ಬಿಲ್ಲಿನಲ್ಲಿ ಕಾಣಿಸಿಕೊಂಡಾಗ ಜಗಳವೇಳುತ್ತದೆ. ಗೋಡೆಯಲ್ಲಿ ತೆರವು ಬಿಡುವಾಗಲೇ ಈ ಏರಿಕೆಯ ಕ್ರಮವನ್ನು ತಿಳಿದುಕೊಂಡವನು ಒಂದು ಅಂಗುಲ ಕಡಿಮೆ ಮಾಡಿ ಹಣ ಉಳಿಸುತ್ತಾನೆ.

ಅರ್ಧ ತೆರೆಯುವ ಕಿಟಕಿ

ಪಕ್ಕಕ್ಕೆ ಸರಿಯುವ ಸ್ಲೈಡಿಂಗ್ ಕಿಟಕಿ ಇಂದು ಮನೆ, ಕಚೇರಿ, ಕಾರ್ಖಾನೆ ಎನ್ನದೆ ಎಲ್ಲೆಡೆ ವ್ಯಾಪಿಸಿದೆ. ಅದಕ್ಕೆ ಕಾರಣಗಳೂ ಇವೆ. ಒಳಗೆ ಗ್ರಿಲ್ಲು ಹಾಕಬಹುದು, ಗಾಳಿಗೆ ಕದ ಬಡಿಯುವುದಿಲ್ಲ, ಹೊರಗೆ ಜಾಗ ಬೇಡ, ಸೊಳ್ಳೆ ಜಾಲರಿಗೆ ಮೂರನೆಯ ಹಳಿ ಸೇರಿಸಿದರಾಯಿತು. ಆದರೆ ಎರಡು ಕದಗಳ ಸ್ಲೈಡಿಂಗ್ ಕಿಟಕಿ ಎಂದಿಗೂ ಅರ್ಧಕ್ಕಿಂತ ಹೆಚ್ಚು ತೆರೆಯಲಾರದು. 5 ಅಡಿ ಅಗಲ, 4 ಅಡಿ ಎತ್ತರದ ಕಿಟಕಿಗೆ 20 ಚದರ ಅಡಿಯ ಹಣ ಕೊಟ್ಟವನಿಗೆ ದೊರೆಯುವ ಗಾಳಿ 10 ಚದರ ಅಡಿಯದು. ಜಾಲರಿ ಹಾಕಿದರೆ ಇನ್ನೂ ಕಡಿಮೆ.

ಕೇಂದ್ರ ವಿದ್ಯುತ್ ಸಚಿವಾಲಯವು 2018ರ ಡಿಸೆಂಬರ್‌ನಲ್ಲಿ ಹೊರತಂದ ವಸತಿ ಕಟ್ಟಡಗಳ ಇಂಧನ ಸಂಹಿತೆ 'ಇಕೊ ನಿವಾಸ ಸಂಹಿತೆ'ಯು ಇದನ್ನೇ ಲೆಕ್ಕಕ್ಕೆ ತೆಗೆದುಕೊಂಡಿದೆ. ಕಿಟಕಿಯ ಒಟ್ಟು ಗಾತ್ರವನ್ನಲ್ಲ, ತೆರೆಯಬಲ್ಲ ಭಾಗವನ್ನು ಅದು ಎಣಿಸುತ್ತದೆ. ಬೆಂಗಳೂರಿನಂತಹ ಸಮಶೀತೋಷ್ಣ ಪ್ರದೇಶದಲ್ಲಿ ಮನೆಯ ಒಳ ವಿಸ್ತೀರ್ಣದ ನೂರಕ್ಕೆ 12.5ರಷ್ಟು, ಕರಾವಳಿಯಂತಹ ಬಿಸಿ ಹಾಗೂ ತೇವದ ಪ್ರದೇಶದಲ್ಲಿ ನೂರಕ್ಕೆ 16.66ರಷ್ಟು ತೆರೆಯಬಲ್ಲ ಕಿಂಡಿಗಳಿರಬೇಕೆಂದು ಅದು ಹೇಳುತ್ತದೆ. ಇಡೀ ಮನೆಗೆ ಅನ್ವಯಿಸುವ, ಬಾಲ್ಕನಿ ಬಾಗಿಲುಗಳನ್ನೂ ಒಳಗೊಳ್ಳುವ ಈ ಪ್ರಮಾಣವನ್ನು 10 ಅಡಿ, 12 ಅಡಿಯ ಒಂದು ಕೋಣೆಗೆ ಹೊಂದಿಸಿ ನೋಡಿದರೆ ಬೆಂಗಳೂರಿನಲ್ಲಿ 15 ಚದರ ಅಡಿ, ಮಂಗಳೂರಿನಲ್ಲಿ 20 ಚದರ ಅಡಿ ತೆರವು ಬೇಕಾಗುತ್ತದೆ. ಬೀಜಾಗರಿಯ ಮೇಲೆ ಪೂರ್ಣ ತೆರೆಯುವ ಕದವಾದರೆ ಮಂಗಳೂರಿನ ಕೋಣೆಗೆ 5 ಅಡಿ, 4 ಅಡಿಯ ಒಂದು ಕಿಟಕಿ ಸಾಲುತ್ತದೆ. ಸ್ಲೈಡಿಂಗ್ ಆದರೆ ಅಂತಹವು ಎರಡು ಬೇಕು. ಸ್ಲೈಡಿಂಗ್ ಕಿಟಕಿ ಅಗ್ಗವೆಂಬ ಮಾತನ್ನು ಈ ದೃಷ್ಟಿಯಿಂದ ಮರುಪರಿಶೀಲಿಸುವುದು ಯೋಗ್ಯ.

ಹಳೆಯ ಮನೆಗಳ ಎರಡು ಕದದ ಮರದ ಕಿಟಕಿ ಈ ವಿಷಯದಲ್ಲಿ ಎಷ್ಟೋ ಮೇಲಾಗಿತ್ತು. ಅದರ ಮೇಲ್ಭಾಗದ ಕದಗಳನ್ನು ಬೇರೆಯಾಗಿ ತೆರೆಯುವ ಸೌಕರ್ಯವಿದ್ದುದು ಬಿಸಿಗಾಳಿ ಹೊರಹೋಗಲೆಂದು. ಕರಾವಳಿಯ ಹಂಚಿನ ಮನೆಗಳಲ್ಲಿ ನಡುವೆ ಒಂದೆರಡು ಗಾಜಿನ ಹಂಚು ಹೊದಿಸಿ ಅಡುಗೆಮನೆಗೆ ಬೆಳಕು ತರುತ್ತಿದ್ದ ಜಾಣ್ಮೆಗೆ ಯಾವ ವಾಸ್ತುಶಿಲ್ಪಿಯ ಶುಲ್ಕವೂ ಬೇಕಿರಲಿಲ್ಲ.

ಪಡುವಣದ ಗಾಜು, ಕರೆಂಟಿನ ಬಿಲ್ಲು

ಅಂಗಡಿಯ ಮುಂಭಾಗವನ್ನು ಪೂರ್ತಿ ಗಾಜಿನಿಂದ ಮುಚ್ಚಿ, ಒಳಗೆ ಏಸಿ ಹಾಕುವುದು ಜಿಲ್ಲಾ ಕೇಂದ್ರಗಳಲ್ಲಿಯೂ ರೂಢಿಯಾಗಿದೆ. ಪಶ್ಚಿಮಕ್ಕೆ ಮುಖ ಮಾಡಿದ ಅಂಗಡಿಯ 10 ಅಡಿ ಅಗಲ, 8 ಅಡಿ ಎತ್ತರದ ಗಾಜಿನ ಮೇಲೆ ಮಧ್ಯಾಹ್ನ ನಾಲ್ಕರ ಬಿಸಿಲು ಚದರ ಮೀಟರಿಗೆ 500 ವ್ಯಾಟ್‌ನಷ್ಟು ಬಿದ್ದಿತೆಂದು ಇಟ್ಟುಕೊಂಡರೆ, ಸಾಧಾರಣ ಪಾರದರ್ಶಕ ಗಾಜು ಅದರ ನೂರಕ್ಕೆ 80ರಷ್ಟನ್ನು ಒಳಗೆ ಬಿಡುತ್ತದೆ. ಸುಮಾರು 3 ಕಿಲೊವ್ಯಾಟ್ ಶಾಖ ಅಂಗಡಿಯೊಳಗೆ ಸೇರಿದಂತಾಯಿತು. ಒಂದು ಟನ್ ಏಸಿಯ ಶೈತ್ಯಶಕ್ತಿಯೇ 3.5 ಕಿಲೊವ್ಯಾಟ್. ಅಂದರೆ ಒಂದು ಏಸಿಯ ಬಹುಪಾಲು ದುಡಿಮೆ ಆ ಗಾಜಿಗಾಗಿಯೇ ಮೀಸಲು. ಜವಳಿ ಅಂಗಡಿಯಾದರೆ ಪ್ರದರ್ಶನಕ್ಕಿಟ್ಟ ಸೀರೆಗಳ ಬಣ್ಣ ಮಾಸುವ ನಷ್ಟ ಬೇರೆ.

ಒಳಗೆ ಪರದೆ ಎಳೆದರೆ ಕಣ್ಣಿಗೆ ತಂಪೆನಿಸಬಹುದು. ಶಾಖವಂತೂ ಆಗಲೇ ಗಾಜನ್ನು ದಾಟಿ ಬಂದಿರುತ್ತದೆ. ಬಿಸಿಲನ್ನು ತಡೆಯಬೇಕಾದುದು ಹೊರಗೆ. ಎರಡಡಿಯ ಸಜ್ಜೆ, ಜಗುಲಿಯ ಮಾಡು, ಮಡಚುವ ಚಪ್ಪರ, ಇವಾವುದನ್ನಾದರೂ ಮೊದಲು ಯೋಚಿಸಿ, ಅದು ಸಾಲದಾದಾಗ ಮಾತ್ರ ಶಾಖ ತಡೆಯುವ ಲೇಪನದ ಗಾಜಿನತ್ತ ಹೋಗುವುದು ಮಿತವ್ಯಯದ ದಾರಿ. ಎರಡು ಪದರದ ಗಾಜನ್ನು ಮಾರಾಟಗಾರರು ಶೀತದೇಶಗಳ ಕರಪತ್ರಗಳನ್ನು ತೋರಿಸಿ ಹೊಗಳುತ್ತಾರೆ. ಹಗಲಿರುಳೂ ಏಸಿ ನಡೆಯುವ ಕಟ್ಟಡಕ್ಕೆ, ಹೆದ್ದಾರಿಯ ಸದ್ದು ತಡೆಯಬೇಕಾದ ಕೋಣೆಗೆ ಅದರ ಉಪಯೋಗವಿದೆ. ಕಿಟಕಿ ತೆರೆದು ಮಲಗುವ ಊರಿನಲ್ಲಿ ಎರಡನೆಯ ಪದರಕ್ಕೆ ಹಣ ಸುರಿಯುವುದು ದುಂದುವೆಚ್ಚವೇ ಸರಿ.

ದಿಕ್ಕಿನ ಬಗ್ಗೆ ಒಂದು ಸೂಕ್ಷ್ಮವಿದೆ. ಉತ್ತರದ ಕಿಟಕಿಗೆ ಬಿಸಿಲೇ ಇಲ್ಲವೆಂಬ ನಂಬಿಕೆ ಬೆಂಗಳೂರಿನ ಅಕ್ಷಾಂಶದಲ್ಲಿ ಪೂರ್ಣ ನಿಜವಲ್ಲ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮಧ್ಯದವರೆಗೆ ನಡುಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೇ ಇರುತ್ತಾನೆ. ಆದರೂ ಅವನು ಬಹಳ ಎತ್ತರದಲ್ಲಿರುವುದರಿಂದ ಕಿರಿದಾದ ಸಜ್ಜೆಯೇ ಸಾಕಾಗುತ್ತದೆ. ನಿಖರವಾದ ಕೆಲಸ ನಡೆಯುವ ಲೇತ್, ಹೊಲಿಗೆ, ಪರಿಶೀಲನೆಯ ಮೇಜುಗಳನ್ನು ಉತ್ತರದ ಬೆಳಕಿಗೆ ಇಡುವ ಹಳೆಯ ಗಿರಣಿಗಳ ಕ್ರಮ ಇಂದಿಗೂ ಸರಿಯಾದುದೇ. 1948ರ ಕಾರ್ಖಾನೆಗಳ ಅಧಿನಿಯಮದ 17ನೆಯ ಪ್ರಕರಣವು ಕೆಲಸದ ಕೊಠಡಿಗೆ ಬೆಳಕು ನೀಡುವ ಗಾಜಿನ ಕಿಟಕಿಗಳನ್ನೂ ಬೆಳಕಿಂಡಿಗಳನ್ನೂ ಒಳಹೊರಗೆ ಶುಭ್ರವಾಗಿ, ಅಡಚಣೆಯಿಲ್ಲದಂತೆ ಇಡಬೇಕೆಂದು ವಿಧಿಸಿತ್ತು. ಕಾರ್ಮಿಕ ಕಾನೂನುಗಳು ಸಂಹಿತೆಗಳ ರೂಪ ತಳೆದಿರುವ ಈ ಕಾಲದಲ್ಲಿಯೂ ಹಗಲಿನಲ್ಲಿ ಟ್ಯೂಬ್‌ಲೈಟು ಉರಿಸುತ್ತಾ, ಕಿಟಕಿಗೆ ರಟ್ಟಿನ ಪೆಟ್ಟಿಗೆಗಳನ್ನು ಒರಗಿಸಿಟ್ಟಿರುವ ಘಟಕಗಳಿಗೇನೂ ಕೊರತೆಯಿಲ್ಲ.

ಯಾವ ವಸ್ತು?

ತೇಗದ ಕಿಟಕಿ ಶ್ರೇಷ್ಠವೆಂಬುದು ನಿರ್ವಿವಾದ. ದಾಂಡೇಲಿಯ ನಾಟಾ ಡಿಪೋದ ಹರಾಜಿನಲ್ಲಿ ಕೂಗುವ ಬೆಲೆ ಕೇಳಿದವರು ಹೊನ್ನೆ, ಮತ್ತಿ, ಹಲಸುಗಳತ್ತ ತಿರುಗುತ್ತಾರೆ, ಅವೂ ಕಳಪೆಯೇನಲ್ಲ. ಮರದ ಕಿಟಕಿ ಕೆಡುವುದು ಜಾತಿಯಿಂದಲ್ಲ, ಹಸಿತನದಿಂದ. ಸರಿಯಾಗಿ ಒಣಗದ ಮರದಿಂದ ಮಾಡಿದ ಕದ ಮಳೆಗಾಲದಲ್ಲಿ ಉಬ್ಬಿ ಮುಚ್ಚುವುದಿಲ್ಲ, ಬೇಸಿಗೆಯಲ್ಲಿ ಕುಗ್ಗಿ ಸಂದಿ ಬಿಡುತ್ತದೆ. ಚೌಕಟ್ಟಿನ ಗೋಡೆಗೆ ತಾಗುವ ಬದಿಗೆ, ಅಂದರೆ ಮುಂದೆಂದೂ ಕಣ್ಣಿಗೆ ಬೀಳದ ಬದಿಗೆ, ಕೂರಿಸುವ ಮೊದಲೇ ಬಣ್ಣ ಬಳಿಸುವ ಯಜಮಾನ ನೂರಕ್ಕೊಬ್ಬ.

ಯುಪಿವಿಸಿ ಕಿಟಕಿಗಳು ಈಗ ಮಧ್ಯಮವರ್ಗದ ಮನೆಗಳಿಗೂ ಬಂದಿವೆ. ಅದಕ್ಕೆ ತುಕ್ಕಿಲ್ಲ, ಗೆದ್ದಲಿಲ್ಲ, ಮೂಲೆಗಳನ್ನು ಕಾಯಿಸಿ ಬೆಸೆಯುವುದರಿಂದ ನೀರು ನುಗ್ಗುವ ಸಂದಿಯೂ ಇಲ್ಲ. ಕರಾವಳಿಯ ಉಪ್ಪುಗಾಳಿಗೆ ಅದು ಒಳ್ಳೆಯ ಉತ್ತರ. ಆದರೆ ಅದರ ಟೊಳ್ಳಿನೊಳಗೆ ಸತುಲೇಪಿತ ಉಕ್ಕಿನ ಪಟ್ಟಿ ಇರಬೇಕು. ಮುಚ್ಚಿಹೋದ ಮೇಲೆ ಕಾಣದ ಈ ಉಕ್ಕನ್ನೇ ಕೆಲವರು ಬಿಟ್ಟುಬಿಡುತ್ತಾರೆ. ಬಿಸಿಲಿನ ಅತಿನೇರಳೆ ಕಿರಣಗಳನ್ನು ತಾಳಲು ಟೈಟಾನಿಯಂ ಡೈಆಕ್ಸೈಡ್ ಸಾಕಷ್ಟು ಬೆರೆಸಿರದ ಅಗ್ಗದ ಮಾಲು ಕೆಲವೇ ವರ್ಷಗಳಲ್ಲಿ ಹಳದಿಗಟ್ಟಿ ಪೆಡಸಾಗುತ್ತದೆ. ಶಾಖಕ್ಕೆ ಹಿಗ್ಗುವ ಗುಣವೂ ಅದಕ್ಕೆ ಹೆಚ್ಚು. 2 ಮೀಟರ್ ಉದ್ದದ ಯುಪಿವಿಸಿ ಪಟ್ಟಿ 30 ಡಿಗ್ರಿ ಉಷ್ಣತೆಯ ಏರಿಕೆಗೆ 4 ಮಿಲಿಮೀಟರಿನಷ್ಟು ಬೆಳೆಯುತ್ತದೆ. ಅದೇ ಉದ್ದದ ಅಲ್ಯೂಮಿನಿಯಂ ಒಂದೂವರೆ ಮಿಲಿಮೀಟರಿನಷ್ಟು, ಗಾಜು ಅರ್ಧ ಮಿಲಿಮೀಟರಿನಷ್ಟು. ಸುತ್ತಲೂ ಜಾಗ ಬಿಡದೆ ಗಾರೆಯಲ್ಲಿ ಹೂತರೆ ಅದು ಬಾಗದೆ ಇನ್ನೇನು ಮಾಡೀತು?

ಅಲ್ಯೂಮಿನಿಯಂ ಈ ಎರಡರ ನಡುವಿನ ದಾರಿ. ಗಾತ್ರ ದೊಡ್ಡದಾದಷ್ಟೂ ಅದರ ಬಲ ಉಪಯೋಗಕ್ಕೆ ಬರುತ್ತದೆ. ಪೌಡರ್ ಕೋಟಿಂಗ್ ಕನಿಷ್ಠ 60 ಮೈಕ್ರಾನ್ ದಪ್ಪವಿರಬೇಕು, ಸ್ಕ್ರೂಗಳು ಸ್ಟೇನ್‌ಲೆಸ್ ಆಗಿರಬೇಕು. ಸಾದಾ ಕಬ್ಬಿಣದ ಸ್ಕ್ರೂ ಅಲ್ಯೂಮಿನಿಯಂ ಜೊತೆಗೆ ತೇವದಲ್ಲಿ ಸೇರಿದಾಗ ಎರಡು ಲೋಹಗಳ ನಡುವಣ ವಿದ್ಯುತ್ ರಾಸಾಯನಿಕ ಕ್ರಿಯೆಯಿಂದ ಅಲ್ಲಿಯೇ ಕೊರೆತ ಆರಂಭವಾಗುತ್ತದೆ. ಉಡುಪಿ, ಕಾರವಾರಗಳಲ್ಲಿ ಇದನ್ನು ಕಾಣಲು ಬಹಳ ವರ್ಷ ಕಾಯಬೇಕಿಲ್ಲ. ಗಾಳಿಯ ಒತ್ತಡವೂ ಅಲ್ಲಿ ಬೇರೆ. ಭಾರತೀಯ ಮಾನಕದ ಪ್ರಕಾರ ವಿನ್ಯಾಸಕ್ಕೆ ಹಿಡಿಯಬೇಕಾದ ಮೂಲ ಗಾಳಿವೇಗ ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39 ಮೀಟರ್. ವೇಗದ ವ್ಯತ್ಯಾಸ ನೂರಕ್ಕೆ 18 ಮಾತ್ರ. ಒತ್ತಡವು ವೇಗದ ವರ್ಗಕ್ಕೆ ಅನುಗುಣವಾಗಿರುವುದರಿಂದ ಅದು ನೂರಕ್ಕೆ 40ರಷ್ಟು ಹೆಚ್ಚುತ್ತದೆ. ಬೆಂಗಳೂರಿನ ನಮೂನೆಯನ್ನೇ ಮಂಗಳೂರಿನ ಐದನೆಯ ಅಂತಸ್ತಿಗೆ ಕೂರಿಸುವ ಗುತ್ತಿಗೆದಾರರು ಈ ಲೆಕ್ಕವನ್ನು ಮಾಡುವುದಿಲ್ಲ.

ಕೂರಿಸುವಾಗ ಕೆಡುವುದು

ಒಳ್ಳೆಯ ಕಿಟಕಿಯನ್ನು ಕೆಟ್ಟದಾಗಿ ಕೂರಿಸಿದರೆ ಕೆಟ್ಟ ಕಿಟಕಿಯೇ ಲೇಸು. ಸೋರಿಕೆಯ ದೂರು ಬಂದಾಗ ತಯಾರಕನು ಮೇಸ್ತ್ರಿಯತ್ತ, ಮೇಸ್ತ್ರಿಯು ತಯಾರಕನತ್ತ ಬೆರಳು ತೋರಿಸುವುದು ನಿತ್ಯದ ನೋಟ. ವಾಸ್ತವವಾಗಿ ತಪ್ಪು ಬಹುಮಟ್ಟಿಗೆ ಇವರಿಬ್ಬರ ಕೆಲಸ ಕೂಡುವ ಆ ಅರ್ಧ ಅಂಗುಲದ ಸಂದಿಯಲ್ಲಿರುತ್ತದೆ. ಅದು ಯಾರ ಹೊಣೆಯೆಂದು ಯಾವ ದರಪಟ್ಟಿಯಲ್ಲಿಯೂ ಬರೆದಿರುವುದಿಲ್ಲ.

ಅಲ್ಯೂಮಿನಿಯಂ, ಯುಪಿವಿಸಿ ಚೌಕಟ್ಟುಗಳು ಗಿಲಾವು ಮುಗಿದ ಮೇಲೆ ಬರಬೇಕು, ಮೊದಲಲ್ಲ. ಹಸಿ ಸಿಮೆಂಟಿನ ಕ್ಷಾರವು ಅಲ್ಯೂಮಿನಿಯಂ ಮೈಯನ್ನು ಸುಟ್ಟು ಕಲೆ ಮಾಡುತ್ತದೆ, ಆ ಕಲೆ ಮತ್ತೆ ಹೋಗುವುದಿಲ್ಲ. ತೆರವಿನ ಅಳತೆಯನ್ನು ಅಗಲದಲ್ಲಿ ಮೂರು ಕಡೆ, ಎತ್ತರದಲ್ಲಿ ಮೂರು ಕಡೆ ತೆಗೆದುಕೊಂಡು ಅತಿ ಚಿಕ್ಕದನ್ನು ಆಧಾರವಾಗಿಟ್ಟುಕೊಂಡು, ಸುತ್ತಲೂ ಐದರಿಂದ ಹತ್ತು ಮಿಲಿಮೀಟರ್ ಬಿಟ್ಟು ಚೌಕಟ್ಟು ಮಾಡಬೇಕು. ಕೂರಿಸಿದ ಮೇಲೆ ಎರಡು ಕರ್ಣಗಳನ್ನು ಟೇಪಿನಿಂದ ಅಳೆದರೆ ಅವು ಸಮನಾಗಿರಬೇಕು. ಮೂಲೆಯ ಸಮೀಪದಿಂದ ಆರಂಭಿಸಿ ಎರಡಡಿಗೊಂದಕ್ಕಿಂತ ವಿರಳವಾಗದಂತೆ ಗೋಡೆಗೆ ಬಿಗಿಯಬೇಕು. ನಾಲ್ಕು ಮೂಲೆಗೆ ನಾಲ್ಕು ಸ್ಕ್ರೂ ಹಾಕಿ, ಉಳಿದುದನ್ನು ಸಿಲಿಕೋನ್ ಅಂಟಿಗೆ ಬಿಟ್ಟುಬಿಡುವವರೇ ಹೆಚ್ಚು. ಅಂಟು ನೀರನ್ನು ತಡೆಯುವ ವಸ್ತು, ಕಿಟಕಿಯನ್ನು ಹಿಡಿದು ನಿಲ್ಲಿಸುವ ವಸ್ತುವಲ್ಲ. ಧೂಳಿನ ಗೋಡೆಗೆ, ಬಣ್ಣ ಸುಲಿಯುತ್ತಿರುವ ಅಂಚಿಗೆ ಬಳಿದ ಅಂಟು ಮುಂದಿನ ಬೇಸಿಗೆಯಲ್ಲಿ ಹಗ್ಗದಂತೆ ಕಿತ್ತು ಬರುತ್ತದೆ.

ಕಿಟಕಿಯ ಕೆಳಗಣ ಕಲ್ಲು ಹೊರಗಡೆಗೆ ಇಳಿಜಾರಾಗಿರಬೇಕು. ಗೋಡೆಯಿಂದ ಮುಂದೆ ಚಾಚಿರಬೇಕು. ಚಾಚಿದ ಭಾಗದ ತಳದಲ್ಲಿ ಒಂದು ಸಣ್ಣ ಗಾಡಿ ಕೊರೆದಿರಬೇಕು. ಆ ಗಾಡಿ ಇದ್ದರೆ ನೀರು ಅಲ್ಲಿಯೇ ತೊಟ್ಟಿಕ್ಕುತ್ತದೆ, ಇಲ್ಲದಿದ್ದರೆ ಕಲ್ಲಿನ ತಳಕ್ಕೆ ಅಂಟಿಕೊಂಡು ಹಿಂದಕ್ಕೆ ಹರಿದು ಗೋಡೆಯೊಳಗೆ ಇಳಿಯುತ್ತದೆ. ಹಳೆಯ ಮೇಸ್ತ್ರಿಗಳು ಇದನ್ನು ಯಾರೂ ಹೇಳದೆಯೇ ಮಾಡುತ್ತಿದ್ದರು. ಗ್ರಾನೈಟ್ ಪಟ್ಟಿ ಬಂದ ಮೇಲೆ ಅದನ್ನು ಮಟ್ಟಸವಾಗಿ, ಎಷ್ಟೋ ಕಡೆ ಒಳಗಡೆಗೇ ವಾಲಿದಂತೆ, ಅಂಟಿಸಿ ಹೋಗುತ್ತಾರೆ. ಸ್ಲೈಡಿಂಗ್ ಹಳಿಯಲ್ಲಿ ನೀರು ಹೊರಹೋಗಲೆಂದು ಸಣ್ಣ ರಂಧ್ರಗಳಿರುತ್ತವೆ. ಬಣ್ಣದವನ ಪುಟ್ಟಿಯೋ ಮೇಸ್ತ್ರಿಯ ಸಿಮೆಂಟೋ ಅವನ್ನು ಮುಚ್ಚಿದರೆ ಹಳಿ ತೊಟ್ಟಿಯಾಗಿ ತುಂಬಿ, ನೀರು ಕೋಣೆಯೊಳಗೆ ತುಳುಕುತ್ತದೆ. ಬಾಕಿ ಹಣ ಪಾವತಿಸುವ ಮೊದಲು ಒಂದು ಬಕೆಟ್ ನೀರನ್ನು ಹೊರಗಿನಿಂದ ಹಳಿಗೆ ಸುರಿದು ನೋಡುವುದು ಯಾವ ಪ್ರಯೋಗಶಾಲೆಯ ಪರೀಕ್ಷೆಗೂ ಕಡಿಮೆಯಲ್ಲ.

ತೆರೆಯದ ಗಾಜು, ಬಿಚ್ಚದ ಗ್ರಿಲ್ಲು

2010ರ ಫೆಬ್ರುವರಿ 23ರಂದು ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ ಸಂಭವಿಸಿದ ಬೆಂಕಿ ಅನಾಹುತದಲ್ಲಿ 9 ಮಂದಿ ಪ್ರಾಣ ಕಳೆದುಕೊಂಡರು. ಹೊಗೆ ತುಂಬಿದ ಕಚೇರಿಗಳಿಂದ ಗಾಜು ಒಡೆದು ಜನರು ಕೆಳಗೆ ಹಾರಿದ ದೃಶ್ಯವನ್ನು ಅಂದು ದೂರದರ್ಶನದಲ್ಲಿ ಕಂಡವರು ಮರೆತಿರಲಾರರು. 2022ರ ಮೇ 13ರಂದು ದೆಹಲಿಯ ಮುಂಡ್ಕಾದಲ್ಲಿ ಗಾಜು ಹೊದಿಸಿದ ವಾಣಿಜ್ಯ ಕಟ್ಟಡವೊಂದಕ್ಕೆ ಬೆಂಕಿ ತಗುಲಿ 27 ಮಂದಿ ಸತ್ತಾಗಲೂ ಹೊಗೆಗೆ ದಾರಿಯಿರಲಿಲ್ಲ, ಜನರಿಗೂ ಇರಲಿಲ್ಲ. ಇಂತಹ ಅವಘಡಗಳಲ್ಲಿ ಜ್ವಾಲೆಗಿಂತ ಹೊಗೆಯೇ ಹೆಚ್ಚು ಜನರನ್ನು ಕೊಲ್ಲುತ್ತದೆ.

ಸಣ್ಣ ಉದ್ದಿಮೆದಾರರು ಇದನ್ನು ಬಹುಮಹಡಿಯವರ ಸಮಸ್ಯೆಯೆಂದು ಭಾವಿಸುವುದು ದುರದೃಷ್ಟಕರ. ಮೊದಲ ಅಂತಸ್ತಿನಲ್ಲಿ ಹತ್ತು ಹೊಲಿಗೆಯಂತ್ರ ಇಟ್ಟು, ಕೆಳಗೆ ಬಟ್ಟೆಯ ದಾಸ್ತಾನು ತುಂಬಿ, ಕಳ್ಳರ ಭಯಕ್ಕೆ ಎಲ್ಲ ಕಿಟಕಿಗೂ ಬಿಚ್ಚಲಾಗದ ಕಬ್ಬಿಣದ ಗ್ರಿಲ್ಲು ಬೆಸೆದು, ಒಂದೇ ಮೆಟ್ಟಿಲು ಬಿಟ್ಟಿರುವ ಘಟಕಗಳು ಪ್ರತಿ ಪೇಟೆಯಲ್ಲಿಯೂ ಇವೆ. ಕಳ್ಳ ಬರುವುದು ರಾತ್ರಿ, ಯಾರೂ ಇಲ್ಲದಾಗ. ಬೆಂಕಿ ಬೀಳುವುದು ಹಗಲಿನಲ್ಲಿ, ಎಲ್ಲರೂ ಇರುವಾಗ. ಪ್ರತಿ ಅಂತಸ್ತಿನಲ್ಲಿ ಕನಿಷ್ಠ ಒಂದು ಕಿಟಕಿಯ ಗ್ರಿಲ್ಲಿಗೆ ಬೀಜಾಗರಿ ಹಾಕಿಸಿ, ಒಳಗಿನಿಂದ ತೆರೆಯುವಂತೆ ಮಾಡಿ, ಕೀಲಿಯನ್ನು ಎಲ್ಲರಿಗೂ ತಿಳಿದಿರುವ ಮೊಳೆಗೆ ನೇತುಹಾಕಲು ತಗಲುವ ಖರ್ಚು ಒಂದು ದಿನದ ಕೂಲಿಯನ್ನೂ ಮೀರಲಾರದು. ಮುಂಭಾಗವನ್ನು ಗಾಜಿನಿಂದ ಮುಚ್ಚಿದ ಮಳಿಗೆಗಳಲ್ಲಿಯೂ ಮೇಲ್ಭಾಗದಲ್ಲಿ ತೆರೆಯುವ ಕದಗಳಿರಬೇಕು. ಅಂತಹ ಕದಗಳಿದ್ದ ಕಡೆಯಲ್ಲಿಯೂ ಹೊಸ ಜಾಹೀರಾತು ಫಲಕ ಬಂದು ಅವನ್ನು ಮುಚ್ಚುವುದುಂಟು.

ಗಾಜಿನ ಜಾತಿಯೂ ಪ್ರಾಣದ ಪ್ರಶ್ನೆಯೇ. ಸಾಧಾರಣ ಗಾಜು ಒಡೆದರೆ ಕತ್ತಿಯಂತಹ ಚೂರಾಗುತ್ತದೆ. ಕಾಯಿಸಿ ಹಠಾತ್ತನೆ ತಂಪುಗೊಳಿಸಿದ ಟಫನ್ಡ್ ಗಾಜು ಕಲ್ಲುಸಕ್ಕರೆಯಂತೆ ಪುಡಿಯಾಗುತ್ತದೆ. ನಡುವೆ ಪ್ಲಾಸ್ಟಿಕ್ ಪದರವಿರುವ ಲ್ಯಾಮಿನೇಟೆಡ್ ಗಾಜು ಬಿರುಕು ಬಿಟ್ಟರೂ ಸ್ಥಾನ ಬಿಡುವುದಿಲ್ಲ. ಅಂಗಡಿಯ ಬಾಗಿಲು, ನೆಲಮಟ್ಟದವರೆಗಿನ ಕಿಟಕಿ, ಮಕ್ಕಳು ಓಡಾಡುವ ಸ್ಥಳಗಳಲ್ಲಿ ಟಫನ್ಡ್ ಅಥವಾ ಲ್ಯಾಮಿನೇಟೆಡ್ ಗಾಜು ಬೇಕು. ಪಾದಚಾರಿ ಮಾರ್ಗದ ಮೇಲಿನ ಅಂತಸ್ತುಗಳಿಗೆ ಲ್ಯಾಮಿನೇಟೆಡ್ ಉಚಿತ. ಟಫನ್ಡ್ ಗಾಜನ್ನು ತಯಾರಾದ ಮೇಲೆ ಕತ್ತರಿಸಲಾಗದು, ರಂಧ್ರ ಕೊರೆಯಲಾಗದು. ಸ್ಥಳದಲ್ಲಿಯೇ ವಜ್ರದ ಕಡ್ಡಿಯಿಂದ ಗೀರಿ ಮುರಿದು ಕೂರಿಸಿದ ಗಾಜು ಬಿಲ್ಲಿನಲ್ಲಿ ಟಫನ್ಡ್ ಎಂದಿದ್ದರೆ ಅದು ಸುಳ್ಳು ಬಿಲ್ಲು. ಸುರಕ್ಷಾ ಗಾಜಿಗೆ ಐ.ಎಸ್. 2553 ಎಂಬ ಭಾರತೀಯ ಮಾನಕವಿದೆ. ಅಳಿಸಲಾಗದ ಮುದ್ರೆ ಗಾಜಿನ ಮೂಲೆಯಲ್ಲಿದೆಯೇ ಎಂದು ನೋಡಿಕೊಳ್ಳುವುದು ಕೊಳ್ಳುವವನ ಹಕ್ಕು.

ತೆರಿಗೆಯ ಲೆಕ್ಕ

ಅಲ್ಯೂಮಿನಿಯಂ, ಯುಪಿವಿಸಿ ಕಿಟಕಿಗಳ ಮೇಲೆ ನೂರಕ್ಕೆ 18 ಜಿಎಸ್‌ಟಿ ಇದೆ. 4 ಲಕ್ಷ ರೂ. ಬಿಲ್ಲಿಗೆ 72,000 ರೂ. ತೆರಿಗೆ. ಹೂಡುವಳಿ ತೆರಿಗೆಯ ಜಮೆ ದೊರೆಯುವುದೆಂಬ ಭರವಸೆಯಿಂದ ಬಜೆಟ್ ಹಾಕಿಕೊಳ್ಳುವ ವರ್ತಕರು ಕೇಂದ್ರ ಜಿಎಸ್‌ಟಿ ಅಧಿನಿಯಮದ 17(5)ನೆಯ ಪ್ರಕರಣವನ್ನು ಮೊದಲು ಓದಬೇಕು. ಸ್ವಂತ ಉಪಯೋಗದ ಸ್ಥಿರ ಕಟ್ಟಡದ ನಿರ್ಮಾಣಕ್ಕೆ ಬಳಸಿದ ಸರಕು, ಸೇವೆ, ಕಾಮಗಾರಿ ಗುತ್ತಿಗೆಗಳಿಗೆ ಈ ಜಮೆ ಇಲ್ಲ. ನವೀಕರಣ, ದುರಸ್ತಿಗಳೂ ಅವುಗಳ ವೆಚ್ಚವನ್ನು ಆಸ್ತಿಯ ಮೌಲ್ಯಕ್ಕೆ ಸೇರಿಸಿದಷ್ಟರ ಮಟ್ಟಿಗೆ ನಿರ್ಮಾಣವೆಂದೇ ಪರಿಗಣಿತ. ಚಾಲ್ತಿ ವೆಚ್ಚವಾಗಿ ತೋರಿಸಬಹುದಾದ ನಿಜವಾದ ದುರಸ್ತಿಯ ವಿಷಯ ಬೇರೆ. ಅದನ್ನು ಲೆಕ್ಕಪರಿಶೋಧಕರೊಡನೆ ಕೆಲಸಕ್ಕೆ ಮೊದಲೇ ಚರ್ಚಿಸುವುದು ವಿವೇಕ. ಜಮೆ ಸಿಗದೆಂದು ತಿಳಿದಾಕ್ಷಣ ಬಿಲ್ಲಿಲ್ಲದೆ ಕೆಲಸ ಮಾಡಿಸುವ ಆಮಿಷ ಎದುರಾಗುತ್ತದೆ. ಬಿಲ್ಲಿಲ್ಲದ ಕಿಟಕಿಗೆ ಖಾತರಿಯೂ ಇಲ್ಲ, ದೂರು ಕೊಡಲು ದಾಖಲೆಯೂ ಇಲ್ಲ, ಲೆಕ್ಕಪುಸ್ತಕದಲ್ಲಿ ಅದಕ್ಕೆ ಸವಕಳಿಯೂ ಇಲ್ಲ.

ಮಂಡಳಿಗಳು ಮಾಡಬಹುದಾದ ಕೆಲಸ

ದೊಡ್ಡ ಕಂಪನಿಗಳು ಕಾರ್ಖಾನೆಯಲ್ಲಿಯೇ ಸಿದ್ಧಗೊಂಡ ಕಿಟಕಿಗಳನ್ನು ಹತ್ತು ವರ್ಷದ ಖಾತರಿಪತ್ರದೊಡನೆ ಮಾರುತ್ತಿರುವಾಗ ತಾಲ್ಲೂಕಿನ ಸಣ್ಣ ತಯಾರಕನು ದರ ಇಳಿಸಿ ಸ್ಪರ್ಧಿಸಲಾರ. ಅವನ ಬಲವಿರುವುದು ಬೇರೆ ಕಡೆ: ಅವನು ಕರೆದ ಮರುದಿನ ಬರಬಲ್ಲ, ಒಂದು ಚಕ್ರ ಸವೆದರೆ ಬದಲಿಸಬಲ್ಲ, ಗೋಡೆ ಅರ್ಧ ಅಂಗುಲ ಸೊಟ್ಟಗಿದ್ದರೆ ಅದಕ್ಕೆ ತಕ್ಕಂತೆ ಚೌಕಟ್ಟನ್ನು ಹೊಂದಿಸಬಲ್ಲ. ಅವನಿಗೆ ಇಲ್ಲದಿರುವುದು ತನ್ನ ಮಾಲಿನ ಗುಣವನ್ನು ಬರೆದು ತೋರಿಸುವ ಒಂದು ಕಾಗದ.

ಜಿಲ್ಲಾ ವಾಣಿಜ್ಯ ಮಂಡಳಿಗಳು ಆ ಕಾಗದವನ್ನು ಸಿದ್ಧಪಡಿಸಿಕೊಡಬಹುದು. ಸೆಕ್ಷನ್‌ನ ಹೆಸರು ಮತ್ತು ಮೀಟರಿಗೆ ತೂಕ, ಲೋಹದ ದಪ್ಪ, ಕೋಟಿಂಗಿನ ಮೈಕ್ರಾನ್, ಗಾಜಿನ ಜಾತಿ ಮತ್ತು ದಪ್ಪ, ತೆರೆಯುವ ಭಾಗದ ವಿಸ್ತೀರ್ಣ, ಅಳತೆ ಏರಿಸುವ ಕ್ರಮ, ಗೋಡೆಯ ಸಂದಿಗೆ ಯಾರು ಹೊಣೆ, ಖಾತರಿಯ ಅವಧಿ, ತೆರಿಗೆ ಸೇರಿಯೇ ಹೊರತಾಗಿಯೇ, ಇಷ್ಟನ್ನು ತುಂಬುವ ಕನ್ನಡದ ಒಂದು ಪುಟದ ಮಾದರಿ ದರಪಟ್ಟಿ ಸಾಕು. ಸದಸ್ಯರಾದ ತಯಾರಕರು ಅದರಲ್ಲಿಯೇ ದರ ಕೊಡಲಿ. ಸದಸ್ಯರಾದ ಕೊಳ್ಳುವವರು ಅದಿಲ್ಲದೆ ಮುಂಗಡ ಕೊಡದಿರಲಿ. ಮಂಡಳಿಯ ಕಚೇರಿಯಲ್ಲಿ ಒಂದು ವರ್ನಿಯರ್ ಮಾಪಕವನ್ನೂ ಕೋಟಿಂಗಿನ ದಪ್ಪ ಅಳೆಯುವ ಒಂದು ಉಪಕರಣವನ್ನೂ ಇಟ್ಟು, ಸದಸ್ಯರಿಗೆ ಎರಡು ದಿನದ ಮಟ್ಟಿಗೆ ಕೊಡುವ ಏರ್ಪಾಡು ಮಾಡಿದರೆ ಅದರ ಬೆಲೆ ಒಂದು ವಾರ್ಷಿಕ ಸಭೆಯ ಊಟದ ಖರ್ಚಿಗಿಂತ ಹೆಚ್ಚಾಗದು. ಮುಂದಿನ ಮುಂಗಾರಿಗೆ ಮುನ್ನ ಯಾವುದಾದರೂ ಒಂದು ಜಿಲ್ಲೆಯ ಮಂಡಳಿ ಇದನ್ನು ಪ್ರಯೋಗಾರ್ಥವಾಗಿ ಕೈಗೆತ್ತಿಕೊಳ್ಳಬಹುದು. ಕರಾವಳಿಯ ಮಂಡಳಿಯಾದರೆ ಫಲಿತಾಂಶ ಜೂನ್ ತಿಂಗಳಲ್ಲಿಯೇ ಗೋಡೆಗಳ ಮೇಲೆ ಕಾಣಿಸುತ್ತದೆ.